ನಂಜು ಫೋಟೋದಲ್ಲಿ ಸಿಗುವುದಿಲ್ಲ

ನಾನಿರುವ ಇಂಗ್ಲೆಂಡಿನಲ್ಲಿ ಕಾಲು ಊದಿಕೊಂಡಿದೆ ಎಂದು ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎಷ್ಟೋ ಸಲ ಮೊದಲು ಕೇಳುವುದು ಫೋಟೋ. ನಮ್ಮ ಕಡೆ ಹಾಗಲ್ಲ. ಸಾಲಿನಲ್ಲಿ ಕಾದಾದರೂ ಸರಿ, ಅವತ್ತೇ ಡಾಕ್ಟರು ಕಾಲು ಮುಟ್ಟಿ ನೋಡುತ್ತಾರೆ. ಸೆಲ್ಯುಲೈಟಿಸ್ ಎಂಬ ಚರ್ಮದ ನಂಜಿನ ವಿಷಯದಲ್ಲಿ, ಅದರಲ್ಲೂ ನಮ್ಮಂಥ ಕಂದು ಚರ್ಮದವರಿಗೆ, ನಮ್ಮ ಪದ್ಧತಿಯೇ ಮೇಲು ಅನ್ನುವುದು ನನ್ನ ವಾದ. ಔಷಧ ಶುರುವಾದ ಮೇಲೆ ಮಾತ್ರ ನನ್ನ ವೋಟು ಇಲ್ಲಿಯವರಿಗೆ.

ಬಿರುಕಿನಿಂದಲೋ ಗಾಯದಿಂದಲೋ ಒಳನುಗ್ಗಿದ ಬ್ಯಾಕ್ಟೀರಿಯಾ ಚರ್ಮದ ಒಳಪದರ ಮತ್ತು ಅದರಡಿಯ ಕೊಬ್ಬಿನಲ್ಲಿ ಹರಡುವುದು ಸೆಲ್ಯುಲೈಟಿಸ್. ಕೀವಿಲ್ಲದೆ ಹರಡುತ್ತಿದ್ದರೆ ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್, ಕೀವುಗಟ್ಟಿದ್ದರೆ ಸ್ಟ್ಯಾಫಿಲೊಕಾಕಸ್. ಪುಸ್ತಕಗಳು ‘ಕೆಂಪು’ ಎಂದು ಬರೆಯುತ್ತವೆ. ಬಿಳಿ ಚರ್ಮದ ಮೇಲೆ ಅದು ಎದ್ದು ಕಾಣುತ್ತದೆ, ಸರಿ. ನಮ್ಮ ಚರ್ಮದ ಮೇಲೆ ಅದೇ ನೇರಳೆಯಾಗಿ, ಕಪ್ಪಾಗಿ, ಕೆಲವೊಮ್ಮೆ ಬರೀ ಬಿಗಿದ ಹೊಳಪಾಗಿ ಕಾಣಬಹುದು. ಕಂದು ಮತ್ತು ಕಪ್ಪು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂಬ ಕೈಪಿಡಿಯೊಂದನ್ನು ಲಂಡನ್ನಿನ ಸೇಂಟ್ ಜಾರ್ಜ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಅಧ್ಯಾಪಕರ ಜೊತೆ ಸೇರಿ ಹೊರತಂದದ್ದು 2020ರಲ್ಲಿ. ಅಷ್ಟು ತಡವಾಗಿ, ಅದೂ ಒಬ್ಬ ವಿದ್ಯಾರ್ಥಿಯ ಮುತುವರ್ಜಿಯಿಂದ!

ನನ್ನ ಮೊಣಕಾಲ ಕೆಳಗೆ ನಂಜಾದಾಗ ಕಳಿಸಿದ ಫೋಟೋಗೆ ಬಂದ ಉತ್ತರ, ತುರಿಕೆಯ ಕ್ರೀಮ್ ಹಚ್ಚಿ ಎಂದು. ನನಗೆ ತುರಿಕೆಯೇ ಇರಲಿಲ್ಲ, ಇದ್ದದ್ದು ನೋವು. ಮರುದಿನ ಚಳಿಜ್ವರ ಬಂದು ಆಸ್ಪತ್ರೆಗೆ ಹೋದರೆ ಅಲ್ಲಿನ ನರ್ಸಮ್ಮ ಅಂಗೈಯ ಹಿಂಬದಿಯನ್ನು ಮೊದಲು ಒಳ್ಳೆಯ ಕಾಲಿಗೆ, ಆಮೇಲೆ ಊದಿದ ಕಾಲಿಗೆ ಒತ್ತಿದರು. ಬಿಸಿ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಎಂದು ಬೆರಳಾಡಿಸುತ್ತಲೇ ಪತ್ತೆಹಚ್ಚಿ, ಆ ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲೇ ತಾರೀಖು, ಗಂಟೆ ಬರೆದರು. ಎರಡೂ ಕಾಲು ಒಂದೇ ಥರ ಕೆಂಪಾಗಿದ್ದರೆ ಅದು ಬಹುಪಾಲು ಸೆಲ್ಯುಲೈಟಿಸ್ ಅಲ್ಲ, ರಕ್ತನಾಳದ ತೊಂದರೆಯಿಂದ ಬಂದ ಚರ್ಮದ ಉರಿಯೂತ ಇರಬಹುದು ಎಂದೂ ಹೇಳಿದರು.

ಈ ಗೆರೆ ನಮ್ಮ ಕಡೆಯ ಪ್ರತಿ ಕ್ಲಿನಿಕ್ಕಿಗೂ ಬರಬೇಕು. ಚಿಕಿತ್ಸೆ ಹೇಗಿರಬೇಕೆಂದು ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲೇ ಇದರ ಸಲಹೆ ಇದೆ. ಮಾತ್ರೆ ನುಂಗಲು ಆಗುವವರಿಗೆ ಮಾತ್ರೆಯೇ ಮೊದಲು: ಪೆನಿಸಿಲಿನ್ ಗುಂಪಿನ ಫ್ಲೂಕ್ಲಾಕ್ಸಸಿಲಿನ್, ದಿನಕ್ಕೆ ನಾಲ್ಕು ಸಲ, 5ರಿಂದ 7 ದಿನ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧ. ಕೋರ್ಸ್ ಮುಗಿದ ದಿನವೇ ಚರ್ಮ ಮೊದಲಿನಂತಾಗುವುದಿಲ್ಲ ಎಂದೂ ಅದರಲ್ಲೇ ಇದೆ. ಈ ಒಂದು ಮಾತು ರೋಗಿಗೆ ಗೊತ್ತಿಲ್ಲದ್ದರಿಂದಲೇ ಎರಡನೇ ದಿನಕ್ಕೆ ಡಾಕ್ಟರು ಬದಲು, ಮಾತ್ರೆ ಬದಲು, ಮೇಲೊಂದು ಇಂಜೆಕ್ಷನ್. ಔಷಧ ಶುರುವಾದ ಮೊದಲ ದಿನ ಕೆಂಪು ಗೆರೆಯಿಂದ ಸ್ವಲ್ಪ ಆಚೆ ಹೋದರೂ ಗಾಬರಿಯಾಗಬೇಕಿಲ್ಲ. ಆದರೆ 2–3 ದಿನ ಕಳೆದರೂ ಹರಡುತ್ತಲೇ ಇದ್ದರೆ ಮತ್ತೆ ತೋರಿಸಲೇಬೇಕು.

ನಮ್ಮ ಕಡೆ ಇನ್ನೊಂದು ಕಾಟ ಇದೆ: ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧ ಮೂರನ್ನೂ ಬೆರೆಸಿದ ಟ್ಯೂಬು. ಆಳದಲ್ಲಿರುವ ಸೋಂಕಿಗೆ ಮೇಲೆ ಹಚ್ಚಿದ ಮುಲಾಮು ತಲುಪುವುದಿಲ್ಲ. ಸ್ಟೀರಾಯ್ಡ್ ಕೆಂಪನ್ನಷ್ಟೇ ಇಳಿಸಿ ಒಳಗಿನದನ್ನು ಮರೆಮಾಡುತ್ತದೆ.

ಹಾಗಂತ ಎಲ್ಲವನ್ನೂ ಮಾತ್ರೆ, ಗೆರೆ ಎಂದು ಮನೆಯಲ್ಲೇ ಕೂತು ಕಾಯುವಂತಿಲ್ಲ. ಕಣ್ಣಿನ ಸುತ್ತ ಊದಿದರೆ, ಮಾತು ತೊದಲಿ ಗೊಂದಲವಾದರೆ, ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ನೋವಿದ್ದರೆ, ಚರ್ಮ ಕಪ್ಪಾಗಿ ಬೊಬ್ಬೆ ಎದ್ದರೆ ತಕ್ಷಣ ಆಸ್ಪತ್ರೆ. ಕೊನೆಯ ಎರಡು ಮಾಂಸವನ್ನೇ ತಿನ್ನುವ ಸೋಂಕಿನ ಸೂಚನೆ ಇರಬಹುದು, ಅದಕ್ಕೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯವೂ ಅವತ್ತೇ ತೋರಿಸುವಂಥದ್ದು.

ಮತ್ತೆ ಮತ್ತೆ ಬರುವವರ ಬಗ್ಗೆ ಎರಡೂ ಕಡೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ ಎನ್ನುವುದು ನನ್ನ ದೂರು. ಬ್ರಿಟನ್, ಐರ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವಿಡೀ ದಿನಕ್ಕೆರಡು ಸಲ 250 ಮಿಲಿಗ್ರಾಂ ಪೆನಿಸಿಲಿನ್ ತೆಗೆದುಕೊಂಡವರಲ್ಲಿ ಮರುಕಳಿಸುವಿಕೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ನಿಲ್ಲಿಸಿದ ಮೇಲೆ ಆ ಲಾಭ ಕರಗಿತು. ಕಾಲು ಸದಾ ಊದಿರುವವರಿಗೆ ಬಿಗಿ ಪಟ್ಟಿ, ಕಾಲುಚೀಲ ಕಟ್ಟಿದರೆ ಸೋಂಕು ಕಡಿಮೆಯಾಗುತ್ತದೆಂದು 2020ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಇವೆರಡನ್ನೂ ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಕೇಳುವಾಗ ಚಪ್ಪಲಿ ಬಿಚ್ಚಿ ಬೆರಳುಸಂದಿಯನ್ನೂ ತೋರಿಸಿ. ಸೋಂಕು ಒಳಗೆ ಬರುವುದು ಎಷ್ಟೋ ಸಲ ಅಲ್ಲಿನ ಫಂಗಸ್ ಬಿರುಕಿನಿಂದಲೇ, ಅದಕ್ಕೆ ಪ್ರತ್ಯೇಕ ಔಷಧ ಬೇಕು.