ಹಡಗು ಇಳಿದ ಮೇಲೆ ಏನಾಯಿತು?

ಜಪಾನಿನಿಂದ ಹವಾಯಿಗೆ, ಅಮೆರಿಕಕ್ಕೆ ಫೋಟೋ ನೋಡಿ ಮದುವೆಯಾಗಿ ಹೋದ ಹುಡುಗಿಯರ ಕಥೆ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕಿಮೊನೊ ಉಟ್ಟ ಹುಡುಗಿಯರು ಹಡಗಿನಲ್ಲಿ ಸಾಲಾಗಿ ನಿಂತಿರುತ್ತಾರೆ. ಕೈಯಲ್ಲಿ ಗಂಡನ ಫೋಟೋ. ಕೆಳಗೆ ಬಂದರಿನಲ್ಲಿ ನಿಂತವನಿಗೂ ಆ ಫೋಟೋಗೂ ಹತ್ತು ಹದಿನೈದು ವರ್ಷದ ಅಂತರ. ಅವಳು ಅಳುತ್ತಾಳೆ, ಕಥೆ ಮುಗಿಯುತ್ತದೆ.

ಈ ಕಥೆ ಸುಳ್ಳಲ್ಲ. ಆದರೆ ಇದನ್ನು ಬಂದರಿನಲ್ಲೇ ನಿಲ್ಲಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಆ ಹುಡುಗಿ ಆಮೇಲೆ ಐವತ್ತು ಅರವತ್ತು ವರ್ಷ ಅದೇ ನೆಲದಲ್ಲಿ ಬದುಕಿದಳು, ದುಡಿದಳು. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಮೊದಲು ಹಿನ್ನೆಲೆ ಸ್ವಲ್ಪ. 1885ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಜಪಾನಿನ ಕೂಲಿಗಳು ದೊಡ್ಡ ಸಂಖ್ಯೆಯಲ್ಲಿ ಹೋಗತೊಡಗಿದರು. ಹಿರೋಶಿಮಾ, ಯಾಮಾಗುಚಿ, ಕುಮಾಮೊಟೊ ಕಡೆಯ ಹಳ್ಳಿಗಳವರೇ ಜಾಸ್ತಿ. ನಾಲ್ಕೈದು ವರ್ಷ ದುಡಿದು, ಕಾಸು ಮಾಡಿಕೊಂಡು ಊರಿಗೆ ವಾಪಸ್ ಬರೋಣ ಅಂತ ಹೊರಟ ಗಂಡಸರು. 1900ರಲ್ಲಿ ಅಮೆರಿಕದ ಮುಖ್ಯನೆಲದಲ್ಲಿ ಸುಮಾರು 24,000 ಜಪಾನೀಯರಿದ್ದರು, ಅವರಲ್ಲಿ ಹೆಂಗಸರು ಒಂದು ಸಾವಿರವೂ ಇರಲಿಲ್ಲ. 1907-08ರಲ್ಲಿ ಎರಡು ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಇನ್ನು ಮುಂದೆ ಕೂಲಿಗಳಿಗೆ ಜಪಾನ್ ಪಾಸ್‌ಪೋರ್ಟ್ ಕೊಡುವುದಿಲ್ಲ, ಆದರೆ ಈಗಾಗಲೇ ಅಲ್ಲಿರುವವರ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಹೋಗಬಹುದು. ಸಾವಿರಾರು ಹುಡುಗಿಯರು ಸಮುದ್ರ ದಾಟಿದ್ದು ಆ ಒಂದು ಸಂದಿಯಿಂದ.

ಗಂಡು ಊರಿಗೆ ಬಂದು ಮದುವೆಯಾಗಬಹುದಿತ್ತಲ್ಲ ಅಂತ ಕೇಳಬಹುದು. ಹಡಗಿನ ಖರ್ಚು ಕೂಲಿಯವನ ಕೈಗೆ ಎಟುಕುವಂಥದ್ದಲ್ಲ. ಊರಿನಲ್ಲಿ ಜಾಸ್ತಿ ದಿನ ನಿಂತರೆ ಸೈನ್ಯಕ್ಕೆ ಎಳೆದುಕೊಳ್ಳುವ ಭಯ ಬೇರೆ. ಹಾಗಾಗಿ ಕೆಲಸವೆಲ್ಲ ಸಂಬಂಧ ಕುದುರಿಸುವ ಮಧ್ಯಸ್ಥರ ಮೂಲಕ ನಡೆಯುತ್ತಿತ್ತು. ಫೋಟೋ, ಪತ್ರಗಳು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದವು. ಎರಡೂ ಮನೆಯವರು ಕುಲ, ಆಸ್ತಿ, ಕಾಯಿಲೆ ಕಸಾಲೆ ಎಲ್ಲ ವಿಚಾರಿಸುತ್ತಿದ್ದರು. ಒಪ್ಪಿಗೆಯಾದರೆ ಹುಡುಗಿಯ ಹೆಸರನ್ನು ಗಂಡನ ಮನೆಯ ಕುಟುಂಬ ದಾಖಲೆಗೆ ಸೇರಿಸುತ್ತಿದ್ದರು. ಅಲ್ಲಿಗೆ ಜಪಾನಿನ ಕಾನೂನಿನ ಪ್ರಕಾರ ಮದುವೆ ಆಯಿತು. ಹುಡುಗ ಎದುರಿಗೆ ಇರಬೇಕು ಅಂತಲೇ ಇರಲಿಲ್ಲ.

ಹುಡುಗಿಯರು ಸುಮ್ನೆ ಮೂಕರಾಗಿ ಹೊರಟರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅಪ್ಪ ಅಮ್ಮನ ಮಾತಿಗೆ ಎದುರಾಡಲಾಗದೆ ಹೋದವರಿದ್ದರು, ನಿಜ. ಆದರೆ ಅತ್ತೆಯ ಕೈಕೆಳಗೆ ಬಾಳುವುದು ತಪ್ಪುತ್ತದೆ ಅಂತ ಲೆಕ್ಕ ಹಾಕಿದವರೂ ಇದ್ದರು. ಹೊರಗಿನ ಪ್ರಪಂಚ ನೋಡಬೇಕು ಅಂತ ಆಸೆಪಟ್ಟವರೂ ಇದ್ದರು, ಮನೆಯ ಸಾಲ ತೀರಿಸಲು ಹೊರಟವರೂ ಇದ್ದರು. ಶಾಲೆಗೆ ಹೋಗಿ ಓದು ಬರಹ ಕಲಿತವರು ಅವರಲ್ಲಿ ಬಹಳ ಜನ.

ಮೋಸ ನಡೆದದ್ದು ಹೌದು. ಹತ್ತು ವರ್ಷ ಹಳೆಯ ಫೋಟೋ, ತಿದ್ದಿದ ಫೋಟೋ, ಯಾರದೋ ಸೂಟು ಹಾಕಿಕೊಂಡು, ಯಾರದೋ ಕಾರಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ. ಇವನು ಬೇಡ, ವಾಪಸ್ ಹೋಗುತ್ತೇನೆ ಅಂದರೆ ಟಿಕೆಟ್ಟಿಗೆ ದುಡ್ಡಿಲ್ಲ. ಹೋದರೂ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಕೆಲವರು ಬೇರೆಯವನ ಜೊತೆ ಓಡಿಹೋದರು. ಆಗ ಗಂಡಂದಿರು ಅಮೆರಿಕದ ಜಪಾನಿ ಪತ್ರಿಕೆಗಳಲ್ಲಿ ಅವರ ಫೋಟೋ ಹಾಕಿಸಿ, ಕಂಡವರು ತಿಳಿಸಿ ಅಂತ ಪ್ರಕಟಣೆ ಕೊಡುತ್ತಿದ್ದರು. ನನಗೆ ತುಂಬ ಸಿಟ್ಟು ಬರುವುದು ಇಲ್ಲಿ. ಸುಳ್ಳು ಫೋಟೋ ಕಳಿಸಿದವನ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆ ಸುಳ್ಳನ್ನು ತಾಳಲಾಗದೆ ಹೋದವಳ ಮುಖ ಮಾತ್ರ ಎಲ್ಲರ ಮನೆಗೂ ತಲುಪಿತು.

ಹಡಗು ಇಳಿದರೂ ಕಷ್ಟ ಮುಗಿಯುತ್ತಿರಲಿಲ್ಲ. 1910ರಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ಐಲ್ಯಾಂಡಿನಲ್ಲಿ ತಪಾಸಣೆ ನಡೆಯುತ್ತಿತ್ತು. ಕೊಕ್ಕೆಹುಳು ಇದೆಯಾ ಅಂತ ಮಲ ಪರೀಕ್ಷೆ, ಕಣ್ಣಿನ ಪರೀಕ್ಷೆ, ಮೇಲೆ ಪ್ರಶ್ನೆಗಳ ಸುರಿಮಳೆ. ಊರಿನಲ್ಲಿ ಆದ ಮದುವೆಯನ್ನು ಅಮೆರಿಕದ ಅಧಿಕಾರಿಗಳು 1917ರವರೆಗೆ ಒಪ್ಪುತ್ತಿರಲಿಲ್ಲ. ಎಷ್ಟೋ ಜೋಡಿಗಳನ್ನು ಬಂದರಿನಲ್ಲೇ ಒಟ್ಟಿಗೆ ನಿಲ್ಲಿಸಿ ಸಾಮೂಹಿಕವಾಗಿ ಮತ್ತೆ ಮದುವೆ ಮಾಡಿಸುತ್ತಿದ್ದರು.

ಇನ್ನು ದುಡಿಮೆ. ಹವಾಯಿಯಲ್ಲಿ ಹೆಂಗಸರಿಗೆ ಮುಖ್ಯವಾಗಿ ಬರುತ್ತಿದ್ದ ಕೆಲಸ ಕಬ್ಬಿನ ರವದಿ ಸುಲಿಯುವುದು ಮತ್ತು ಕಳೆ ಕೀಳುವುದು. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಗದ್ದೆಗೆ ಇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಒಣಗಿದ ಗರಿ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಬಿಸಿಲು, ದೂಳು, ಕಣಜದ ಕಾಟ. ಅದಕ್ಕಾಗಿ ಅವರು ಮೈ ಪೂರ್ತಿ ಮುಚ್ಚುವ ಉಡುಪನ್ನು ತಾವೇ ಹೊಲಿದುಕೊಂಡರು. ಊರಿನಿಂದ ತಂದ ಹತ್ತಿಯ ಕಿಮೊನೊ ಬಿಚ್ಚಿ ಗದ್ದೆಗೆ ಹಾಕುವ ಅಂಗಿ ಮಾಡಿದರು. ಕಾಲಿಗೆ ಪಟ್ಟಿ, ಕೈಗೆ ತೋಳುಚೀಲ, ತಲೆಗೆ ವಸ್ತ್ರ, ಅದರ ಮೇಲೆ ಹುಲ್ಲಿನ ಟೋಪಿ. ಕೂಸು ಬೆನ್ನಿನ ಮೇಲೆ, ಇಲ್ಲವೇ ಬದುವಿನ ಮೇಲೆ.

ಗದ್ದೆಯಿಂದ ಬಂದ ಮೇಲೆ ಎರಡನೇ ಪಾಳಿ. ಒಂಟಿ ಗಂಡಸರ ಬಟ್ಟೆ ಒಗೆದು ಕಾಸು ಮಾಡುವುದು, ಅವರ ಅಡುಗೆ ಮಾಡುವುದು, ಸ್ನಾನದ ನೀರು ಕಾಯಿಸಿಕೊಡುವುದು. ತೋಟದ ಕೆಂಪು ಮಣ್ಣು ಹತ್ತಿದ ಬಟ್ಟೆಯನ್ನು ಕುದಿಸಿ ಬಡಿದು ಒಗೆಯಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಬೆಳೆ ಬೇರೆಯಾಗಿತ್ತು, ಪಾಡು ಇದೇ. ಸ್ಟ್ರಾಬೆರಿ ಅಥವಾ ದ್ರಾಕ್ಷಿ ತೋಟದಲ್ಲಿ ಹಗಲು ದುಡಿತ, ಬೆಳಗಾಗುವ ಮೊದಲು ಮತ್ತು ಕತ್ತಲಾದ ಮೇಲೆ ಕೂಲಿಗಳ ಗುಂಪಿಗೆ ಅಡುಗೆ. ಗಂಡನ ಹೆಸರಿನಲ್ಲಿ ನಡೆದ ಎಷ್ಟೋ ಅಂಗಡಿ, ಹೋಟೆಲು, ಲಾಂಡ್ರಿಗಳಲ್ಲಿ ಸಂಬಳವಿಲ್ಲದೆ ದುಡಿದವಳು ಇವಳೇ.

1920ರಲ್ಲಿ ಹವಾಯಿಯ ಒವಾಹು ದ್ವೀಪದ ಕಬ್ಬಿನ ತೋಟಗಳಲ್ಲಿ ನಡೆದ ಮುಷ್ಕರದ ಬೇಡಿಕೆಗಳನ್ನು ಒಮ್ಮೆ ನೋಡಿ. ಜಪಾನಿ ಮತ್ತು ಫಿಲಿಪಿನೋ ಕೂಲಿಗಳು ಕೆಲಸ ನಿಲ್ಲಿಸಿದ್ದರು. ಆಗ ಗಂಡಸಿನ ದಿನಗೂಲಿ 77 ಸೆಂಟು, ಹೆಂಗಸಿನದು 58 ಸೆಂಟು. ಗಂಡಸಿಗೆ 1 ಡಾಲರ್ 25 ಸೆಂಟು, ಹೆಂಗಸಿಗೆ 95 ಸೆಂಟು ಕೊಡಿ ಅಂತ ಜಪಾನಿ ಕಾರ್ಮಿಕರ ಸಂಘ ಕೇಳಿತು. ನ್ಯಾಯ ಕೇಳುವ ಪತ್ರದಲ್ಲೂ ಹೆಣ್ಣಿಗೆ ಕಡಿಮೆಯೇ! ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಮಾತೂ ಇತ್ತು: ಸಂಬಳ ಸಹಿತ ಹೆರಿಗೆ ರಜೆ. ನೂರು ವರ್ಷದ ಹಿಂದೆ, ಕಬ್ಬಿನ ಗದ್ದೆಯ ಕೂಲಿ ಹೆಂಗಸಿಗೆ. ಮುಷ್ಕರ ಮಾಡಿದವರನ್ನು ಮಾಲೀಕರು ತೋಟದ ಮನೆಗಳಿಂದ ಹೊರಹಾಕಿದರು. ಕೂಸುಗಳ ಸಮೇತ ಹೊನೊಲುಲುವಿಗೆ ಬಂದು ಸಿಕ್ಕಲ್ಲಿ ತಂಗಿದ ಕುಟುಂಬಗಳಲ್ಲಿ ಈ ಹೆಂಗಸರೂ ಇದ್ದರು. ತಿಂಗಳುಗಟ್ಟಲೆ ನಡೆದ ಮುಷ್ಕರ ಸೋತಿತು, ಆದರೆ ಸ್ವಲ್ಪ ಕಾಲದಲ್ಲೇ ಮಾಲೀಕರು ಕೂಲಿ ಏರಿಸಿದರು. ಬಂದರಿನಲ್ಲಿ ಅತ್ತದ್ದು ಮಾತ್ರ ನೆನಪಿಟ್ಟುಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ.

ಇವರನ್ನು ಕಂಡು ಹೆದರಿದ್ದು ರಾಜಕಾರಣಿಗಳು. ಏಷ್ಯಾದಿಂದ ಬಂದ ಇಂಥವರು ಅಮೆರಿಕದ ಪ್ರಜೆಗಳಾಗುವ ಹಾಗಿರಲಿಲ್ಲ. ಅಂಥವರು ಜಮೀನು ಕೊಳ್ಳಬಾರದು ಅಂತ 1913ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತ್ತು. ಆದರೆ ಅಲ್ಲೇ ಹುಟ್ಟಿದ ಮಗು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಹೆಸರಿಗೆ ಜಮೀನು ಮಾಡಿದರು. ಹಾಗಾಗಿ ಈ ಮದುವೆಗಳೇ ಅನೈತಿಕ, ಕೂಲಿಗಳನ್ನು ಕಳ್ಳದಾರಿಯಲ್ಲಿ ತರುವ ಉಪಾಯ ಅಂತ ಗದ್ದಲ ಎದ್ದಿತು. ಸೆನೆಟರ್ ಜೇಮ್ಸ್ ಫೆಲನ್ 1920ರ ಚುನಾವಣೆಯಲ್ಲಿ ‘ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಲಿ’ ಅನ್ನುವ ಘೋಷಣೆಯನ್ನೇ ಹಿಡಿದು ಮತ ಕೇಳಿದರು. ಅದೇ ವರ್ಷ ಒತ್ತಡಕ್ಕೆ ಮಣಿದು ಜಪಾನ್ ಮುಖ್ಯನೆಲಕ್ಕೆ ಹೋಗುವ ಇಂಥ ವಧುಗಳಿಗೆ ಪಾಸ್‌ಪೋರ್ಟ್ ನಿಲ್ಲಿಸಿತು. 1924ರ ಅಮೆರಿಕದ ವಲಸೆ ಕಾನೂನು ಉಳಿದ ಬಾಗಿಲನ್ನೂ ಮುಚ್ಚಿತು. ನಿಜವಾಗಿ ಆ ರಾಜಕಾರಣಿಗಳಿಗೆ ಚುಚ್ಚಿದ್ದು ಫೋಟೋ ಮದುವೆಯಲ್ಲ. ಆ ಹೆಂಗಸರು ಬಂದಿದ್ದರಿಂದ ಕೂಲಿಯ ಗುಂಪು ಊರಾಗಿಬಿಟ್ಟಿತು, ಅದು.

ಒಬ್ಬರ ಹೆಸರು ಹೇಳಬೇಕು, ಟೋಕು ಶಿಮೊಮುರಾ. ಜಪಾನಿನಲ್ಲಿ ನರ್ಸ್ ಆಗಿದ್ದವರು. 1912ರಲ್ಲಿ ಹೀಗೇ ಮದುವೆಯಾಗಿ ಸಿಯಾಟಲ್‌ಗೆ ಬಂದರು. ಅಲ್ಲಿ ಸೂಲಗಿತ್ತಿಯಾಗಿ ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ದಶಕಗಳ ಕಾಲ ದಿನಚರಿ ಬರೆದರು. ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಅಮೆರಿಕದ ಸರ್ಕಾರ ಬಂಧನ ಶಿಬಿರಗಳಿಗೆ ತಳ್ಳಿತಲ್ಲ, ಆಗ ಅವರನ್ನೂ ಕುಟುಂಬದ ಜೊತೆ ಐಡಾಹೋದ ಮಿನಿಡೋಕಾಗೆ ಕಳಿಸಿದರು. ಅಲ್ಲೂ ಬರೆದರು. ಅವರ ಮೊಮ್ಮಗ, ಕಲಾವಿದ ರೋಜರ್ ಶಿಮೊಮುರಾ, ಆ ದಿನಚರಿಯನ್ನು ಇಟ್ಟುಕೊಂಡು ಚಿತ್ರಗಳ ಸರಣಿಯನ್ನೇ ಬರೆದರು. ಆ ಅಜ್ಜಿಯ ಜೀವನದಲ್ಲಿ ಫೋಟೋ ಬರುವುದು ಎಷ್ಟು ಹೊತ್ತು, ಹೇಳಿ? ಉಳಿದದ್ದೆಲ್ಲ ಕೆಲಸ. ಇಂಥವರಿಗೆ ಅಮೆರಿಕದ ಪ್ರಜೆಯಾಗುವ ಹಕ್ಕು ಸಿಕ್ಕಿದ್ದು 1952ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನವರು ಅಜ್ಜಿಯರಾಗಿದ್ದರು.

ಹವಾಯಿಯ ಹೆಂಗಸರ ಬಗ್ಗೆ ನಮಗೆ ಇಷ್ಟಾದರೂ ಗೊತ್ತಾಗಲು ಒಂದು ಮುಖ್ಯ ಕಾರಣ ಬಾರ್ಬರಾ ಕವಾಕಾಮಿ. ಜಪಾನಿನಲ್ಲಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ಒವಾಹುವಿನ ತೋಟಕ್ಕೆ ಬಂದವರು. ದಶಕಗಳ ಕಾಲ ಬಟ್ಟೆ ಹೊಲಿದು ಜೀವನ ಮಾಡಿದರು. ನಡುವಯಸ್ಸು ದಾಟಿದ ಮೇಲೆ ಕಾಲೇಜಿಗೆ ಹೋದರು. ವಯಸ್ಸಾದ ಈ ಹೆಂಗಸರನ್ನು ಹುಡುಕಿಕೊಂಡು ಹೋಗಿ, ಗದ್ದೆಗೆ ಏನು ಹಾಕಿಕೊಳ್ಳುತ್ತಿದ್ದಿರಿ, ಹೇಗೆ ಹೊಲಿದಿರಿ ಅಂತ ವಿಚಾರಿಸಿದರು. ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗನ್ನಿಸುತ್ತದೆ. ಕೆಲಸದ ಅಂಗಿಯ ಮಾತು ಬಂದರೆ ಕೂಲಿ, ಬಸಿರು, ಗಂಡ, ಸಾಲ, ಗೆಳತಿಯರು ಎಲ್ಲ ಜೊತೆಗೇ ಬರುತ್ತದೆ. ಅವರು ಕೂಡಿಸಿದ ಬಟ್ಟೆಗಳು ಲಾಸ್ ಏಂಜಲಿಸ್‌ನ ಜಪಾನೀಸ್ ಅಮೆರಿಕನ್ ನ್ಯಾಷನಲ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ಆ ಕಡೆ ಇರುವ ಕನ್ನಡದ ಗೆಳತಿಯರೇ, ಅವನ್ನು ಪ್ರದರ್ಶನಕ್ಕೆ ಇಟ್ಟಾಗ ಹೋಗಿ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.