ಬಡಕಲು ಕುದುರೆಗೆ ಬಕೆಟ್ ತುಂಬಾ ಹುರುಳಿ ಇಡಬೇಡಿ

ಪಕ್ಕೆಲುಬು ಎಣಿಸುವಷ್ಟು ಸೊರಗಿದ ಕುದುರೆ ಬೀದಿಯಲ್ಲಿ ಕಂಡರೆ ನಮ್ಮ ಜನರ ಕರುಳು ಚುರ್ ಅನ್ನುತ್ತದೆ. ಯಾರೋ ಬೇಯಿಸಿದ ಹುರುಳಿ ತರುತ್ತಾರೆ, ಯಾರೋ ಅನ್ನ, ಇನ್ಯಾರೋ ಬೆಲ್ಲ, ಬ್ರೆಡ್ಡು. ಮನಸ್ಸು ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ ಒಣಗಿದ ಕುದುರೆ ಆ ಒಂದು ಬಕೆಟ್ ಊಟಕ್ಕೇ ಸಾಯಬಹುದು. ಅದನ್ನು ಹೇಳೋಕೆ ಈ ಪೋಸ್ಟ್.

ಹಸಿದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಬದುಕಿರುತ್ತದೆ. ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಷಿಯಂ ಎಲ್ಲ ತಳ ಕಂಡಿರುತ್ತವೆ. ಇದ್ದಕ್ಕಿದ್ದಂತೆ ಕಾಳು, ಬೆಲ್ಲ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಖನಿಜವೂ ಜೀವಕೋಶಗಳ ಒಳಗೆ ಸೇರಿಬಿಡುತ್ತದೆ. ಆಮೇಲೆ ಹೃದಯ, ಉಸಿರಾಟ ಕೈಕೊಡುತ್ತವೆ. ಕೆಲವು ಸಲ ಇದು ಮೂರು ನಾಲ್ಕು ದಿನ ಬಿಟ್ಟು ಆಗುತ್ತದೆ. ಊಟ ಇಟ್ಟವರಿಗೆ ಗೊತ್ತೇ ಆಗುವುದಿಲ್ಲ. ಸಾಲದ್ದಕ್ಕೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೆಚ್ಚಾದರೆ ಹೊಟ್ಟೆಶೂಲೆ, ಒದ್ದಾಟ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಇಂಥ ಕುದುರೆಗೆ ಯಾವ ಮೇವು ಒಗ್ಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಒಣಗಿಸಿದ ಲೂಸರ್ನ್, ನಮ್ಮ ರೈತರು ಕುದುರೆ ಮಸಾಲೆ ಅನ್ನುವ ಮೇವು. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕೆಜಿಯಷ್ಟೇ. ರಾತ್ರಿಯೂ ಎದ್ದು ಹಾಕಬೇಕು. ಹತ್ತು ದಿನದವರೆಗೆ ನಿಧಾನವಾಗಿ ಏರಿಸುತ್ತಾ ಹೋಗಬೇಕು. ಹುರುಳಿ, ಬೂಸಾ ಎಲ್ಲ ಆಮೇಲಿನ ಮಾತು. ಮೈ ತುಂಬಿಕೊಳ್ಳಲು 3ರಿಂದ 5 ತಿಂಗಳು ಬೇಕು.

ಪರಿಚಯದವರ ತೋಟಕ್ಕೆ ಬಂದ ಒಂದು ಜಟಕಾ ಕುದುರೆಯ ಆರೈಕೆಗೆ ನಾನೂ ಕೈ ಜೋಡಿಸಿದ್ದೆ. ಹೆಣ್ಣು ಕುದುರೆ. ಬಾಯಿಯ ಎರಡೂ ಕೊನೆ ಹರಿದು ಗಾಯ ಕಟ್ಟಿತ್ತು, ಮುಳ್ಳಿನ ಕಡಿವಾಣ ಹಾಕುತ್ತಿದ್ದರಂತೆ. ತಲೆ ಸವರೋಣ ಅಂತ ಕೈ ಎತ್ತಿದರೆ ಸಾಕು, ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಡಾಕ್ಟರು ಧನುರ್ವಾಯು ಇಂಜೆಕ್ಷನ್ ಕೊಟ್ಟು, ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಅದು ಮನುಷ್ಯರಿಗೂ ಹರಡುವ ರೋಗ, ವರದಿ ಬರುವವರೆಗೆ ಬೇರೆ ಕುದುರೆಗಳ ಹತ್ತಿರ ಬಿಡಬಾರದು. ಗೊರಸು ಬೆಳೆದು ಮುಂದಕ್ಕೆ ಬಾಗಿತ್ತು. ಇವತ್ತೇ ಸರಿ ಮಾಡಿಕೊಡಿ ಅಂದೆ. ಲಾಳ ಕಟ್ಟುವ ಅಜ್ಜ ಒಪ್ಪಲಿಲ್ಲ. "ಒಂದೇ ಸಲ ಕೆತ್ತಿದರೆ ಹೆಜ್ಜೆ ಇಡೋಕಾಗಲ್ಲ ಕಣಮ್ಮ. ಸ್ವಲ್ಪ ಸ್ವಲ್ಪ ತೆಗೀಬೇಕು." ಗೊರಸು ತಿಂಗಳಿಗೆ ಬೆಳೆಯುವುದು ಹೆಚ್ಚೂಕಮ್ಮಿ ಒಂದು ಸೆಂಟಿಮೀಟರ್. ಹೊಸದಾಗಿ ಪೂರ್ತಿ ಬರಲು ವರ್ಷವೇ ಹಿಡಿಯುತ್ತದೆ.

ಭಯ ಬಿಡಿಸಲು ನಾವು ಮಾಡಿದ್ದು ಜಾಸ್ತಿ ಏನಿಲ್ಲ. ಹಣೆಯ ನೇರಕ್ಕೂ ಬಾಲದ ಹಿಂದೂ ಕುದುರೆಗೆ ಕಣ್ಣು ಕಾಣುವುದಿಲ್ಲ. ಅದಕ್ಕೇ ಭುಜದ ಕಡೆಯಿಂದ, ಮಾತಾಡುತ್ತಾ ಹೋಗುವುದು. ಕಿವಿ ಹಿಂದಕ್ಕೆ ಒತ್ತಿದರೆ ಅಲ್ಲೇ ನಿಲ್ಲುವುದು. ಎಷ್ಟೋ ದಿನ ಸುಮ್ನೆ ಪಕ್ಕದಲ್ಲಿ ಕೂತು ಬಂದಿದ್ದೇವೆ.

ಜಟಕಾ ಓಡಿಸುವವರನ್ನೆಲ್ಲ ಕಟುಕರು ಅಂತ ನಾನು ಹೇಳುವುದಿಲ್ಲ. ಆಟೋ ಬಂದ ಮೇಲೆ ಅವರ ಬಾಡಿಗೆ ಹೋಯಿತು, ಮೇವಿನ ರೇಟು ಏರಿತು. ಮನೆಯವರು ಹಸಿದಿದ್ದರೆ ಕುದುರೆಯೂ ಹಸಿದಿರುತ್ತದೆ, ಅಲ್ವಾ? ಆದರೆ ಬಾಯಿಗೆ ಮುಳ್ಳು ಹಾಕುವುದಕ್ಕೆ ಬಡತನ ನೆಪ ಆಗಲಾರದು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗ್ಗೆ ಇರುವ 1965ರ ನಿಯಮಗಳಲ್ಲೇ ಮುಳ್ಳಿನ ಕಡಿವಾಣಕ್ಕೆ ನಿಷೇಧ ಇದೆ. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಒಂದು ಪ್ಲೇಟ್ ಮಸಾಲೆ ದೋಸೆಯ ದುಡ್ಡು. ಈ ಕಾಯ್ದೆ ಬದಲಾಗಲೇಬೇಕು.

ಅಂಥ ಕುದುರೆ ಕಂಡರೆ ಕುಡಿಯಲು ನೀರಿಡಿ, ನೆರಳಿಗೆ ಕರೆದುಕೊಂಡು ಹೋಗಿ, ಒಂದು ಹಿಡಿ ಹುಲ್ಲು ಕೊಡಿ. ಫೋಟೋ ತೆಗೆದಿಟ್ಟುಕೊಳ್ಳಿ. ಪಶು ಆಸ್ಪತ್ರೆಗೆ ಅಥವಾ 1962 ನಂಬರಿನ ಪಶು ಸಹಾಯವಾಣಿಗೆ ಫೋನ್ ಮಾಡಿ. ಹಿಂಸೆಯ ಗುರುತಿದ್ದರೆ ಪೊಲೀಸ್ ಠಾಣೆಗೂ ಹೋಗಿ. ರಕ್ಷಣೆ ಮಾಡಿದ ವಿಡಿಯೋ ಬಂದ ವಾರ ಎಲ್ಲರೂ ದುಡ್ಡು ಕಳಿಸುತ್ತಾರೆ. ಮೂರನೇ ತಿಂಗಳು ಮೇವಿಗೆ, ಲಾಳದವರ ಕೂಲಿಗೆ ಕೈ ಖಾಲಿ ಇರುತ್ತದೆ. ನಿಮ್ಮ ಊರಿನ ಹತ್ತಿರ ಕುದುರೆ ಸಾಕಿಕೊಂಡಿರುವ ಆಶ್ರಯ ಇದ್ದರೆ ಆಗ ಕೊಡಿ.