ಇಂಪ್ರಾಕ್ಟಿಕೇಬಲ್ ಜನ

ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮಾಷ್ಟ್ರು ಮತ್ತೆ ಬಂದಿದ್ದಾರೆ. ಕಾಸರಗೋಡಿಗೆ ಮಳೆಯಾದರೂ ತಡವಾಗುತ್ತದೆ, ಈ ಸುದ್ದಿ ತಡವಾಗುವುದಿಲ್ಲ. ಪ್ರತಿಭಟನೆ, ಮನವಿ, ಆಮೇಲೆ ಇಂಗ್ಲಿಷಿನಲ್ಲಿ ಉತ್ತರ: ನಿಮ್ಮ ಬೇಡಿಕೆ ಇಂಪ್ರಾಕ್ಟಿಕೇಬಲ್.

ಎಂಥ ಚಂದದ ಪದ! ‘ಆಗುವುದಿಲ್ಲ’ ಅಂದರೆ ಜನ ‘ಯಾಕೆ?’ ಅನ್ನುತ್ತಾರೆ. ಇಂಪ್ರಾಕ್ಟಿಕೇಬಲ್ ಅಂದರೆ ಸುಮ್ನೆ ಮನೆಗೆ ಹೋಗಿ ಡಿಕ್ಷನರಿ ಹುಡುಕುತ್ತಾರೆ. ನಾನೂ ಹುಡುಕಿದೆ. ಇಂಪ್ರಾಕ್ಟಿಕಲ್ ಅಂದರೆ ಮಾಡಬಹುದು, ಆದರೆ ಮಾಡುವುದು ಪೆದ್ದುತನ. ಇಂಪ್ರಾಕ್ಟಿಕೇಬಲ್ ಅಂದರೆ ಮಾಡಲಿಕ್ಕೇ ಆಗದ್ದು. ಮಲಯಾಳ ಮಾತ್ರ ಬಲ್ಲವರನ್ನು ಕನ್ನಡದ ಮಕ್ಕಳ ಮುಂದೆ ನಿಲ್ಲಿಸಿದ್ದು ಯಾವುದು ಅಂತ ನೀವೇ ಹೇಳಿ.

ಹಳೆ ಇಂಗ್ಲಿಷಿನಲ್ಲಿ ಗಾಡಿ ಹೋಗಲಾರದ ರಸ್ತೆಗೂ ಇದೇ ಪದ. ಹೆದ್ದಾರಿ 66 ಅಗೆಯುತ್ತಿದ್ದ ಮಳೆಗಾಲದಲ್ಲಿ ಮಂಜೇಶ್ವರದಿಂದ ಕುಂಬಳೆಗೆ ಸ್ಕೂಟರ್ ಓಡಿಸಿದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾತು ಕೇಳದ ಹಟಮಾರಿಗಳನ್ನೂ ಹಾಗೇ ಕರೆಯುತ್ತಿದ್ದರಂತೆ. ಆ ಲೆಕ್ಕದಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಮನವಿ ಬರೆಯುತ್ತಲೇ ಇರುವ ನಾವೇ ಇಂಪ್ರಾಕ್ಟಿಕೇಬಲ್. ಚಂದ್ರಗಿರಿ ಹೊಳೆಯ ಬಡಗಿನ ನೆಲ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಮಹಾಜನ್ ಆಯೋಗ ಬರೆದದ್ದು ಈಗ ಯಾವ ಕಪಾಟಿನಲ್ಲಿದೆಯೋ. ಹೋಗಲಿ, ಗಡಿಯ ಮಾತು ಬೇಡ. ನಾವೀಗ ಕೇಳುತ್ತಿರುವುದು ಒಬ್ಬ ಲೆಕ್ಕದ ಮಾಷ್ಟ್ರನ್ನು.

ಐದನೇ ಕ್ಲಾಸು. ಬೋರ್ಡಿನ ಮೇಲೆ ಭಿನ್ನರಾಶಿ. ಮಾಷ್ಟ್ರು ಮಲಯಾಳದಲ್ಲಿ ಏನೋ ಹೇಳುತ್ತಾರೆ. ಅಲ್ಪಸ್ವಲ್ಪ ಮಲಯಾಳ ಬರುವ ಹುಡುಗಿ ಅದನ್ನು ಪಕ್ಕದವನಿಗೆ ತುಳುವಿನಲ್ಲಿ ಪಿಸುಗುಟ್ಟುತ್ತಾಳೆ. ಅವನು ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಮೂರು ಭಾಷೆ ದಾಟುವಷ್ಟರಲ್ಲಿ ಮೇಲಿದ್ದ ಅಂಶ ಕೆಳಗೆ, ಕೆಳಗಿದ್ದ ಛೇದ ಮೇಲೆ. ಪಿಸುಗುಟ್ಟಿದ್ದಕ್ಕೆ ಹುಡುಗಿಗೆ ಬೈಗುಳ, ಅದೂ ಮಲಯಾಳದಲ್ಲಿ. ಆಫೀಸಿನವರ ಪ್ರಕಾರ ಈ ವ್ಯವಸ್ಥೆ ಪ್ರಾಕ್ಟಿಕಲ್. ಭೇಷ್!

ಮಾಷ್ಟ್ರಾದರೂ ಪಾಪ, ಏನು ಮಾಡಿಯಾರು? ಲಿಸ್ಟಿನಲ್ಲಿ ಹೆಸರಿತ್ತು, ಆರ್ಡರ್ ಬಂತು, ಚೀಲ ಹಿಡಿದು ಬಂದರು. ಕಳಿಸಿದವರಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠ ಸಿಗುವಂತೆ ಪ್ರಯತ್ನಿಸಿ ಅಂತ ಸಂವಿಧಾನದ 350ಎ ವಿಧಿ ಹೇಳುವುದೂ ಗೊತ್ತಿತ್ತು. ತಮ್ಮ ಮಕ್ಕಳಿಗೆ ಹೀಗೆ ಆಗಿದ್ದರೆ ಒಂದು ದಿನ ಸಹಿಸುತ್ತಿರಲಿಲ್ಲ. ತಮಾಷೆ ಮಾಡಿ ಮಾಡಿ ನಮಗೂ ಸಾಕಾಗಿದೆ.

ಶನಿವಾರ ಪಿಟಿಎ ಮೀಟಿಂಗ್ ಇದೆ. ಹೊಸ ಮನವಿ ರೆಡಿ. ಸಹಿ ಹಾಕುವವರು ಪೆನ್ನು ತನ್ನಿ.